ಪರದೇಶದ ಕೂಲಿಯಾಕೆಯ ನೀರು

“ಆ ಕುಂಟ ರಂಡೇರ್ನ ಒಳಗ ಹಾಕಿ ಚಿಲಕ ಜಡೀಲೇ ಆದ್ಯಾ. ಒಬ್ಬಾಕಿ ಕಾಲು ಹೊರಗ ಕಂಡ್ರೂ ನಿನ್ನ ಕಾಲು ಮುರಿತೀನಿ.”

ಗೌಡ ಬಸವಂತರಾಯ ಇಷ್ಟು ಹೇಳಿ ಬೋರಿನ ಕಡೆ ನಡೆದ. ಅವನ ಆಳು ಆದಪ್ಪ ತನ್ನದೇ ಕೇರಿಯ ಮೂವರು ಹೆಂಗಸರನ್ನು ಹೊಟ್ಟಿನ ಕೋಣೆಗೆ ನಡೆಸಿದ. ಮೂವರಿಗೂ ನಾರುಹುಣ್ಣು. ಯಮನಮ್ಮನ ಎಡಗಾಲಿನಿಂದ ಬಿಳಿ ದಾರದಂಥ ಹುಳ ಅರ್ಧ ಹೊರಬಂದಿತ್ತು. ಅದನ್ನು ಕಸಬರಿಗೆ ಕಡ್ಡಿಗೆ ಸುತ್ತಿ ಮೇಲೆ ಹರಕು ಬಟ್ಟೆ ಕಟ್ಟಿದ್ದಳು. ದಿನಕ್ಕೆರಡು ಬೆರಳಿನಷ್ಟು ಸುತ್ತಬೇಕು. ಅವಸರಪಟ್ಟರೆ ಒಳಗೇ ಹರಿದು ಕಾಲು ಕೊಳೆಯುತ್ತದೆ. ಕೇರಿಯ ಗಂಡಸರೂ ಗಟ್ಟಿಮುಟ್ಟಾದ ಹೆಂಗಸರೂ ನೆಲ್ಲು ಕೊಯ್ಯಲು ಜವಳಗೇರಾಕ್ಕೆ ಹೋಗಿ ವಾರವಾಗಿತ್ತು. ಕಾಲು ಊರಲಾಗದ ಯಮನಮ್ಮ ಉಳಿದಿದ್ದಳು.

ಹುಳ ಬರುವುದು ಮೆಟ್ಟಿಲಬಾವಿಯ ನೀರಿನಿಂದ ಎಂದು ಲಿಂಗಸುಗೂರಿನ ನರ್ಸಮ್ಮ ಹೇಳಿಹೋಗಿದ್ದಳು. ಆಮೇಲೆ, ಎಂಬತ್ತೈದನೇ ಇಸವಿಯಲ್ಲಿ, ಹೊರದೇಶದವರ ನೆರವಿನಿಂದ ಕೇರಿಗೊಂದು ಬೋರು ಬಂತು. ಕೊರೆಯುವ ಲಾರಿ ಮಾತ್ರ ಗೌಡನ ದನದ ದೊಡ್ಡಿಯ ಮುಂದೆ ನಿಂತಿತು. “ನೀರಿನ ಪಾಯಿಂಟು ಇಲ್ಲೇ ಐತಿ,” ಅಂದ ಎಂಜಿನಿಯರ್. ನೀರು ಬಿದ್ದ ಮರುದಿನ ಸುತ್ತ ಮುಳ್ಳುಬೇಲಿ ಬಿತ್ತು. ಕೇರಿ ಮತ್ತೆ ಮೆಟ್ಟಿಲಬಾವಿಗೇ ಇಳಿಯಿತು.

ಇವತ್ತು ಬೆಳಿಗ್ಗೆ ಬೇಲಿ ಕಿತ್ತಿದ್ದರು. ಕಟ್ಟೆಗೆ ಸುಣ್ಣ ಬಳಿದು ‘ಹರಿಜನ ಕೇರಿಯ ಕುಡಿಯುವ ನೀರು’ ಎಂದು ಬರೆಸಿದ್ದರು. ಕೇರಿಯ ಮುದುಕಿ ಹೊನ್ನೂರಮ್ಮನನ್ನೂ ಕಾಲಲ್ಲಿ ಹುಳ ಕಾಣದ ಇನ್ನು ಮೂವರನ್ನೂ ಕೊಡ ಕೊಟ್ಟು ನಿಲ್ಲಿಸಿದ್ದರು. ಬೋರು ನೋಡಲು ಬರುವ ಹೊರದೇಶದವರು ಹೋಗುವ ತನಕ ಪಂಪು ಹೊಡೆಯಬೇಕು, ನಗಬೇಕು.

ಜೀಪಿನ ಸದ್ದು ಕೇಳಿತು. ಯಮನಮ್ಮ ಬಾಗಿಲಿಗೆ ಬಾಯಿ ಹಚ್ಚಿದಳು.

“ಆದಣ್ಣ, ನಿನ್ನ ಮಗಳ ಮೊಣಕಾಲಾಗೂ ಹುಳ ಎದ್ದೈತಲ್ಲೋ. ಆಕಿನ್ಯಾಕ ಮನ್ಯಾಗ ಬಿಟ್ಟಿ? ತಂದು ಹೊಟ್ಟಿನಾಗ ಹಾಕು.”

“ಬಾಯಿ ಮುಚ್ಚಬೇ ಯಮನಿ. ಧಣಿ ಕೇಳ್ಯಾನು.”

“ಕೇಳ್ಲಿ.”

ಹೊರಗೆ ಆದಪ್ಪನ ಹೆಜ್ಜೆ ಅತ್ತಿತ್ತ ತಿರುಗಿತು. ಆಮೇಲೆ ಚಿಲಕ ಕಿರುಗುಟ್ಟಿ ಸರಿಯಿತು. “ನಾ ಬೀಡಿಗೆ ಬೆಂಕಿ ತರಾಕ ಹೊಂಟೀನಿ,” ಅಂದ ಆದಪ್ಪ ತಿರುಗಿ ನೋಡದೆ ಹೋದ.

ಬೋರಿನ ಹತ್ತಿರ ಕೆಂಪು ಮುಖದ, ನರೆತ ತಲೆಯ ಹೆಣ್ಣುಮಗಳೊಬ್ಬಳು ಮಾತಾಡುತ್ತಿದ್ದಳು. ಎಂಜಿನಿಯರ್ ಅದನ್ನು ಕನ್ನಡದಲ್ಲಿ ಹೇಳುತ್ತಿದ್ದ.

“ಅವ್ರ ದೇಶದಾಗ ಎಲ್ಲಾರೂ ಸರ್ಕಾರಕ್ಕ ತೆರಿಗಿ ಕಟ್ತಾರಂತ, ಕೂಲಿ ಮಾಡೋರು ಸೈತ. ಅದರಾಗ ಒಂದು ಪಾಲು ನಮ್ಮಂಥ ಬಡದೇಶಕ್ಕ ಕಳಸ್ತಾರಂತ. ಈ ಅಮ್ಮಾರ ತಾಯಿ ದವಾಖಾನಿ ನೆಲಾ ತೊಳಿಯಾಕಿ. ಆಕಿ ದುಡಿಮಿನೂ ಈ ಬೋರಿನಾಗ ಐತಿ ಅಂತ ಖುಷಿಪಡಾಕತ್ಯಾರ.”

ಹೆಂಗಸರು ಹೇಳಿಕೊಟ್ಟಂತೆ ನಕ್ಕರು. ಅಷ್ಟರಲ್ಲಿ ಯಮನಮ್ಮ ಕಾಲೆಳೆಯುತ್ತ ಬಂದು ನಿಂತಿದ್ದಳು. ಹಾರ ಹಿಡಿದಿದ್ದ ಗೌಡನ ಕೈ ಅರ್ಧಕ್ಕೇ ನಿಂತಿತು.

“ಸಾಹೇಬ್ರ, ಆ ನೆಲಾ ತೊಳಿಯೋ ತಾಯಿಗೆ ಹೇಳ್ರಿ,” ಅಂದಳು. “ನಿನ್ನ ನೀರು ನಮ್ಮ ಬಾಯಿಗೆ ಬಿದ್ದಿಲ್ಲಬೇ ಯವ್ವಾ, ಗೌಡ್ರ ಎಮ್ಮಿ ಕುಡಿಯಾಕತ್ಯಾವ ಅಂತ ಹೇಳ್ರಿ.”

ಎಂಜಿನಿಯರ್ ಹಣೆ ಒರೆಸಿಕೊಂಡು ಇಂಗ್ಲಿಷಿನಲ್ಲಿ ಏನೋ ಅಂದ. ಪರದೇಶದಾಕೆ ಮುಖ ಅರಳಿಸಿ ಯಮನಮ್ಮನಿಗೆ ಕೈಮುಗಿದಳು.

ಮಾತು ಮುಟ್ಟಿಲ್ಲವೆಂದು ಆ ನಗೆಯಲ್ಲೇ ಯಮನಮ್ಮನಿಗೆ ತಿಳಿಯಿತು. ಹಸಿ ಸುಣ್ಣದ ಕಟ್ಟೆಯ ಮೇಲೆ ಎಡಗಾಲಿಟ್ಟು ಬಟ್ಟೆ ಬಿಚ್ಚತೊಡಗಿದಳು. ಕೀವು, ಕಡ್ಡಿ, ಕಡ್ಡಿಗೆ ಸುತ್ತಿದ ಹುಳ. ಪರದೇಶದಾಕೆಯ ನಗೆ ಆರಿತು. ಕೆಳಗೆ ಕೂತು ನೋಡಿದಳು. ಹೊನ್ನೂರಮ್ಮ ಪಂಪಿನ ಹಿಡಿ ಬಿಟ್ಟು ತನ್ನ ಸೀರೆಯನ್ನೂ ಮೊಣಕಾಲ ತನಕ ಎತ್ತಿದಳು. ಹೋದ ವರ್ಷದ ಕಲೆಗಳು, ಅದರ ಹಿಂದಿನ ವರ್ಷದವು. ಉಳಿದ ಹೆಂಗಸರೂ ಎತ್ತಿದರು.

ಆಕೆ ಎಂಜಿನಿಯರನ ಕಡೆ ತಿರುಗಿ ಏನೋ ಕೇಳಿದಳು. ಮತ್ತೆ ಕೇಳಿದಳು. ಅವನು ಜೀಪಿನ ಕಡೆ ಕೈ ತೋರಿಸಿದ. ಆಕೆ ಪುಸ್ತಕದಲ್ಲಿ ಏನೇನೋ ಬರೆದುಕೊಂಡಳು. ಜೀಪು ಮಸ್ಕಿಯ ಹಾದಿ ಹಿಡಿಯಿತು. ಏನು ಬರೆದಳೆಂದು ಕೇರಿಗೆ ಯಾವತ್ತೂ ತಿಳಿಯಲಿಲ್ಲ.

ಗೌಡ ಬೈಯಲಿಲ್ಲ. ಹತ್ತಿರ ಬಂದು ಮೆಲ್ಲಗೆ ಕೇಳಿದ: “ಚಲೋ ಮಾತಾಡ್ತಿ, ಯಮನವ್ವ. ನಿಮ್ಮ ಗಂಡಸರು ಯಾರೂ ಊರಾಗಿಲ್ಲ, ಹೌದಿಲ್ಲೋ?”

ಅವನು ಅವಳನ್ನು ಅವ್ವ ಎಂದದ್ದು ಅದೇ ಮೊದಲು. ಯಮನಮ್ಮ ಒಂದು ಹೆಜ್ಜೆ ಹಿಂದೆ ಸರಿದಳು.

ಮಧ್ಯಾಹ್ನದೊಳಗೆ ಗೌಡನ ಕಡೆಯವರು ಪಂಪಿನ ಹಿಡಿ ಬಿಚ್ಚಿಕೊಂಡು ಹೋದರು. ಗಿರಣಿಯವನು ಕೇರಿಯ ಜೋಳ ಬೀಸುವುದಿಲ್ಲವೆಂದ. ಮರಿಸ್ವಾಮಿಯ ಅಂಗಡಿಯಲ್ಲಿ ಉಪ್ಪು ಕೂಡ ಹುಟ್ಟಲಿಲ್ಲ. ಆದಪ್ಪನನ್ನು ಗೌಡನ ವಾಡೆಗೆ ಕರೆಸಿದರು. ಹೊತ್ತು ಇಳಿದರೂ ಅವನು ಹೊರಗೆ ಬರಲಿಲ್ಲ.

ಅವನ ಹೆಂಡತಿ ಸೂಗಮ್ಮ ವಾಡೆಯ ಬಾಗಿಲು ಬಡಿದಳು. “ಧಣಿ, ನನ್ನ ಗಂಡನ್ನ ಹೊರಗ ಕಳಸ್ರಿ! ಏನ್ ಮಾಡೀರಿ ಅವನ್ನ?”

ಒಳಗಿನಿಂದ ಅಗುಳಿ ಹಾಕಿದ ಸದ್ದು ಬಂತು.

ಕೇರಿಯಲ್ಲಿ ಉಳಿದಿದ್ದವರು ಮುದುಕಿಯರು, ಬಾಣಂತಿಯರು, ಹುಣ್ಣಿನ ಕಾಲಿನವರು. ಹಿಡಿ ಇಲ್ಲದ ಬೋರಿನ ಮುಂದೆ ಖಾಲಿ ಕೊಡ ಇಟ್ಟುಕೊಂಡು ಯಮನಮ್ಮ ಮೊದಲು ಕೂತಳು. “ಹಿಡಿನೂ ಆದಣ್ಣನೂ ಬರೂ ತನಕ ಏಳಂಗಿಲ್ಲ,” ಅಂದಳು. ಆಮೇಲೆ ಹೊನ್ನೂರಮ್ಮ. ಆಮೇಲೆ ಒಬ್ಬೊಬ್ಬರೇ ಬಂದು ಕೂತರು. ಕೂಗಿ ಕೂಗಿ ದನಿ ಹೋದ ಸೂಗಮ್ಮನೂ ಬಂದಳು.

ವಾಡೆಯ ಮುಂದೆ ಗೌಡನ ಕಡೆಯ ಹತ್ತು ಹನ್ನೆರಡು ಗಂಡಸರು ಸೇರಿದ್ದರು. ಒಬ್ಬ ಟ್ರ್ಯಾಕ್ಟರ್ ಹತ್ತಿ ಚಾಲೂ ಮಾಡಿದ.

“ಏಳೂನೇನಬೇ?” ಹೊನ್ನೂರಮ್ಮ ಕೇಳಿದಳು.

“ಕುಂದ್ರು,” ಅಂದಳು ಯಮನಮ್ಮ.

ಟ್ರ್ಯಾಕ್ಟರ್ ಇವರ ಕಡೆ ಮೂತಿ ತಿರುಗಿಸಿತು. ಒಬ್ಬ ಬಾಣಂತಿ ಕೂಸನ್ನು ಸೆರಗಿನೊಳಗೆ ಎಳೆದುಕೊಂಡಳು. ಯಾರೂ ಏಳಲಿಲ್ಲ.