ಸಮುದಾಯದ ತೀರ್ಮಾನ

"ಹೋಗಿ ಮುಖ ತೊಳ್ಕೊಂಡು ಬಾರೇ ಮುದುಕಿ. ನೀನು ಮನುಷ್ಯಳು ಅಂತ ಫೋನು ಒಪ್ಕೋತಾ ಇಲ್ಲ."

ಸಾರ್ ಹಾಗೆ ಅಂದದ್ದು ಸೂಜಿಯಜ್ಜಿಗೆ. ಕಸದ ರಾಶಿಯಲ್ಲಿ ಇಂಜೆಕ್ಷನ್ ಸೂಜಿ ಎಲ್ಲಿ ಅಡಗಿದ್ದರೂ ಕೈ ಹಾಕುವ ಮೊದಲೇ ಅವಳಿಗೆ ಗೊತ್ತಾಗುತ್ತಿತ್ತು, ಅದಕ್ಕೇ ಆ ಹೆಸರು. ನಮ್ಮ ಗುಜರಿ ಗೋದಾಮಿನಲ್ಲಿ ನಲ್ಲಿ ಇರಲಿಲ್ಲ. ಅಜ್ಜಿ ಬಟ್ಟೆಯ ತುದಿಗೆ ಉಗುಳು ಹಚ್ಚಿ ಹಣೆ, ಕೆನ್ನೆ, ಗಲ್ಲ ಉಜ್ಜಿಕೊಂಡು ಮತ್ತೆ ಬಂದು ಕೂತಳು. ಫೋನು ಮತ್ತೆ ಒಪ್ಪಲಿಲ್ಲ. ಮೂರನೆಯ ಸಲಕ್ಕೆ ಹಸಿರು ಗುರುತು ಬಂತು. ಸಾರ್ ಕರವಸ್ತ್ರದಿಂದ ಫೋನಿನ ಗಾಜು ಒರೆಸಿ, "ಸದ್ಯ, ಪಾಸಾದೆ" ಎಂದರು. ಸಾಲಿನಲ್ಲಿದ್ದ ಹೆಂಗಸರು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಸಾರ್ ಪಕ್ಕದ ಕುರ್ಚಿಯಲ್ಲಿ ಕೂತಿದ್ದೆನಲ್ಲ.

ಮೊದಲು ಹೆಬ್ಬೆರಳು ಒತ್ತಿಸಿ ನೋಡಿದ್ದರು. ಇಪ್ಪತ್ತು ಮೂವತ್ತು ವರ್ಷ ಗಾಜು, ತಗಡು, ಪ್ಲಾಸ್ಟಿಕ್ಕು ಆರಿಸಿದ ಬೆರಳುಗಳಲ್ಲಿ ಗೆರೆಗಳೇ ಉಳಿದಿರಲಿಲ್ಲ. ಅದಕ್ಕೇ ಮುಖ.

ಬಡವರಿಗೆ ನೆರವು ಕೊಡಿಸುವ ಸಂಸ್ಥೆಯವರು ಎಂದು ಹೇಳಿಕೊಂಡು ಸಾರ್ ನಮ್ಮ ಗೋದಾಮಿಗೆ ಮೊದಲು ಬಂದದ್ದು ಬೇಸಿಗೆಯಲ್ಲಿ. ಒಳ್ಳೆಯ ಮಾತುಗಾರ. ಕಸದ ಮಧ್ಯೆ ನಮ್ಮ ಜೊತೆ ನೆಲದ ಮೇಲೆಯೇ ಕೂತು ವಿವರಿಸಿದರು. ಲೋಕದ ನಾನಾ ಕಡೆಯ ಜನ ಸೇರಿ ಒಂದು ಹುಂಡಿ ಇಟ್ಟಿದ್ದಾರಂತೆ. ಅದರೊಳಗಿರುವುದು ಕಂಪ್ಯೂಟರಿನಲ್ಲಿ ಹುಟ್ಟುವ ನಾಣ್ಯವಂತೆ. ಬ್ಲಾಕ್‌ಚೈನ್ ಎಂಬ ಕಡತವಿದೆ, ಅದರಲ್ಲಿ ಒಮ್ಮೆ ಬರೆದದ್ದನ್ನು ದೇವರು ಬಂದರೂ ಅಳಿಸಲಾರ. ಬ್ಯಾಂಕಿನವರ ಕಾಲು ಹಿಡಿಯುವ ಹಾಗಿಲ್ಲ, ಸರ್ಕಾರಿ ಆಫೀಸಿಗೆ ಅಲೆಯುವ ಹಾಗಿಲ್ಲ. ಹುಂಡಿಯಿಂದ ಯಾವ ಒಳ್ಳೆಯ ಕೆಲಸಕ್ಕೆ ಗ್ರಾಂಟು ಕೊಡಬೇಕೆಂದು ಸಮುದಾಯವೇ ಮತ ಹಾಕಿ ತೀರ್ಮಾನಿಸುತ್ತದೆ. ಒಬ್ಬ ಮನುಷ್ಯನಿಗೆ ಒಂದು ಮತ, ಅದು ಸಾಹುಕಾರನಾದರೂ ಸರಿ, ಕಸ ಆರಿಸುವವಳಾದರೂ ಸರಿ.

ನಾವು ನಲವತ್ತೆರಡು ಜನ ಇದ್ದೆವು. ನಿಮಗೆ ಏನು ಬೇಕು ಕೇಳಿ ಎಂದರು ಸಾರ್. ಅಲ್ಲಿಯವರೆಗೆ ಯಾರೂ ನಮ್ಮನ್ನು ಹಾಗೆ ಕೇಳಿರಲಿಲ್ಲ. ಒಬ್ಬಳು ಕೈಗವಸು ಎಂದಳು, ಇನ್ನೊಬ್ಬಳು ನಲ್ಲಿ ಎಂದಳು. ನನ್ನ ನಾದಿನಿ ಸಂಕೋಚವಿಲ್ಲದೆ, ಬಾಗಿಲಿರೋ ಕಕ್ಕಸು ಎಂದಳು. ಅದುವರೆಗೆ ನಾವು ಹೋಗುತ್ತಿದ್ದದ್ದು ಕಾಗದದ ಮೂಟೆಗಳ ಹಿಂದೆ. ತೂಕದ ಗುಮಾಸ್ತನ ಕಿಟಕಿ ಆ ಕಡೆಗೇ ಇತ್ತು, ಅವನು ಕಿಟಕಿ ಮುಚ್ಚುತ್ತಲೂ ಇರಲಿಲ್ಲ. ಒಬ್ಬಳು ಕೂತರೆ ನಾಲ್ಕಾರು ಜನ ಸುತ್ತ ಮರೆಯಾಗಿ ನಿಲ್ಲಬೇಕಿತ್ತು.

ಓದು ಬರಹ ಯಾರಿಗೆ ಬರುತ್ತದೆ ಎಂದು ಸಾರ್ ಕೇಳಿದಾಗ ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಏಳನೇ ಕ್ಲಾಸು ಮುಗಿಸಿದ್ದೆ. ಅದಕ್ಕೇ ಗೋದಾಮಿನಲ್ಲಿ ನನ್ನನ್ನು ಮೇಷ್ಟ್ರಮ್ಮ ಎಂದು ಗೇಲಿ ಮಾಡುತ್ತಿದ್ದರು. ಸಾರ್ ನನ್ನನ್ನು ಸಮುದಾಯದ ನಾಯಕಿ ಮಾಡಿದರು. ಕೊರಳಿಗೆ ಫೋಟೋ ಇರುವ ಕಾರ್ಡು ಹಾಕಿದರು. ಗೇಲಿಯ ಹೆಸರೇ ಆ ದಿನದಿಂದ ನನಗೆ ಬಿರುದಾಯಿತು.

ಹಾಗೆ ಒಬ್ಬೊಬ್ಬರ ಮುಖ ಹಿಡಿದು, ಪ್ರತಿಯೊಬ್ಬಳ ಹೆಸರಿನಲ್ಲೂ ಫೋನಿನೊಳಗೆ ಒಂದು ಪರ್ಸು ತೆರೆದರು. ಆ ಪರ್ಸಿನ ಬೀಗದಕೈ ಎಂದರೆ ಹನ್ನೆರಡು ಇಂಗ್ಲಿಷ್ ಪದಗಳು. ಅವನ್ನು ಹೆತ್ತ ಮಕ್ಕಳಿಗೂ ಹೇಳಬಾರದು, ಹೇಳಿದರೆ ಪರ್ಸು ಅವರದಾಗುತ್ತದೆ ಎಂದು ಸಾರೇ ಎಚ್ಚರಿಸಿದರು. ಆಮೇಲೆ, ನಿಮ್ಮ ಕೈಯಲ್ಲಿದ್ದರೆ ಕಳೆದುಹೋಗುತ್ತದೆ, ಬರೆಸಿ ನನಗೆ ಕೊಡಿ ಎಂದರು. ಬರೆಯುವ ಕೆಲಸ ನನ್ನದು. ಅರ್ಥ ತಿಳಿಯದಿದ್ದರೂ ಅಕ್ಷರ ನೋಡಿಕೊಂಡು ಗುಂಡಗೆ ಬರೆದೆ, ನಲವತ್ತೆರಡು ಚೀಟಿ.

ನಾದಿನಿ ತನ್ನ ಚೀಟಿಯನ್ನು ಕೈಯಲ್ಲೇ ಹಿಡಿದುಕೊಂಡು, "ಯಾರಿಗೂ ಕೊಡಬಾರದು ಅಂದ್ಮೇಲೆ ಇವರಿಗೆ ಯಾಕೆ ಕೊಡಬೇಕು ಅತ್ತಿಗೆ?" ಎಂದು ಕೇಳಿದಳು.

"ನಿನಗೇನು ಗೊತ್ತಾಗುತ್ತೆ, ತೆಪ್ಪಗಿರು. ಓದಿದೋರು ಹೇಳ್ತಾರೆ, ಕೇಳು" ಎಂದೆ.

ನನ್ನ ಗಂಡ ಸತ್ತ ಮೇಲೂ ನನ್ನನ್ನು ಬಿಟ್ಟು ಹೋಗದೆ, ಒಂದೇ ಕೋಣೆಯಲ್ಲಿ ನನ್ನ ಜೊತೆ ಬಾಳುತ್ತಿದ್ದವಳು ಅವಳು. ನಾನು ಚೀಟಿಯನ್ನು ಅವಳ ಕೈಯಿಂದ ಕಿತ್ತುಕೊಂಡೆ. ತುದಿ ಹರಿಯಿತು.

ಮೊದಲ ಸಲದ ಮತದಾನದಲ್ಲಿ ನಾವು ಏನನ್ನೂ ಒತ್ತಲಿಲ್ಲ. ಸಾರ್ ತಮ್ಮ ಆಫೀಸಿನಲ್ಲೇ ಕೂತು ನಮ್ಮೆಲ್ಲರ ಮತ ಹಾಕಿದರು. ಮಾರನೆಯ ದಿನ ಬಂದು, ನೀವು ಗೆದ್ದಿರಿ ಎಂದರು. ನಾವು ಚಪ್ಪಾಳೆ ತಟ್ಟಿದೆವು.

ಕೈಗವಸು ಬಂದವು, ಇಪ್ಪತ್ತು ಜೊತೆ, ಹಳದಿ ಬಣ್ಣದವು. ಹಾಕಿಕೊಂಡು ರಾಶಿಯ ಮುಂದೆ ನಿಂತೆವು, ಫೋಟೋ ತೆಗೆದರು. ಇನ್ನೊಂದು ಗೋದಾಮಿನಲ್ಲೂ ಫೋಟೋ ಆಗಬೇಕೆಂದು ಸಂಜೆಯೊಳಗೆ ವಾಪಸು ಕಟ್ಟಿಕೊಂಡು ಹೋದರು. ಆಮೇಲೆ ಕಕ್ಕಸು ಎಂದು ನಾಲ್ಕು ತಗಡು ನಿಲ್ಲಿಸಿ, ಬಾಗಿಲಿಟ್ಟು, ಬೀಗ ಹಾಕಿ, ಮೇಲೆ ದೊಡ್ಡ ಬೋರ್ಡು ಹೊಡೆದರು. ಒಳಗೆ ಗುಂಡಿಯನ್ನೇ ತೋಡಿರಲಿಲ್ಲ. ಸೂಜಿಯಜ್ಜಿ ಸಂದಿಯಲ್ಲಿ ಇಣುಕಿ ನೋಡಿ, "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಅಂದ್ರೆ ಇದೇ ನೋಡ್ರೇ" ಎಂದಳು. ಹುಂಡಿಯವರ ಜೊತೆ ಪರದೆಯ ಮೇಲೆ ಮಾತಾಡಿಸಿದಾಗಲೂ ಅದನ್ನೇ ಹೇಳಿದಳು. ಸಾರ್ ಅವಳ ಮಾತನ್ನು ಇಂಗ್ಲಿಷಿಗೆ ತಿರುಗಿಸಿದರು. ಪರದೆಯಲ್ಲಿದ್ದವರೆಲ್ಲ ಎದೆಯ ಮೇಲೆ ಕೈಯಿಟ್ಟುಕೊಂಡರು, ಆಮೇಲೆ ಚಪ್ಪಾಳೆ ತಟ್ಟಿದರು.

ನನಗೆ ಎಲ್ಲವೂ ಕಾಣುತ್ತಿತ್ತು. ಸಾರ್ ಗೋದಾಮಿನ ಯಜಮಾನರಿಗೆ ಹೇಳಿ ನನ್ನನ್ನು ರಾಶಿಯಿಂದ ಬಿಡಿಸಿ ತೂಕದ ಮೇಜಿಗೆ ಹಾಕಿಸಿದ್ದರು. ಆಫೀಸಿನ ಕಕ್ಕಸಿನ ಬೀಗದಕೈ ನನಗೂ ಸಿಗುತ್ತಿತ್ತು. ಮೂರು ತಿಂಗಳಿಗೆ ನನ್ನ ಅಂಗೈಯ ಬಿರುಕು ಮುಚ್ಚಿ, ಚರ್ಮ ಮೆತ್ತಗಾಯಿತು. ಮೆತ್ತಗಿನ ಕೈ ಇರುವವಳ ಬಾಯಿಯೂ ಮೆತ್ತಗಾಗುತ್ತದೆ.

ಮಳೆ ಶುರುವಾದ ವಾರ ನಾದಿನಿಗೆ ಒಡೆದ ಟ್ಯೂಬ್‌ಲೈಟಿನ ಗಾಜು ಚುಚ್ಚಿತು. ತೋರುಬೆರಳು ಊದಿಕೊಂಡಿತು. ರಜೆ ಹಾಕಿದರೆ ರಾಶಿ ಬೇರೆಯವರಿಗೆ ಹೋಗುತ್ತದೆಂದು ಚಿಂದಿ ಸುತ್ತಿಕೊಂಡು ಕೆಲಸ ಮಾಡಿದಳು. ಆ ವಾರವೇ ಸಾರ್ ನನ್ನನ್ನು ಒಂದು ತಣ್ಣಗಿನ ಕೋಣೆಗೆ ಕರೆದುಕೊಂಡು ಹೋಗಿ, ದೀಪಗಳ ಮುಂದೆ ಕೂರಿಸಿ, ಬರೆದುಕೊಟ್ಟದ್ದನ್ನು ಬಾಯಿಪಾಠ ಮಾಡಿಸಿದರು. ಕೈಗವಸು ಬಂದ ಮೇಲೆ ನಮ್ಮಲ್ಲಿ ಒಬ್ಬಳಿಗೂ ಗಾಯವಾಗಿಲ್ಲ ಎಂದು ನಾನು ಹೇಳಿದೆ. ಬೆಳಕು ಸರಿ ಬರಲಿಲ್ಲ ಎಂದರು, ಇನ್ನೊಮ್ಮೆ ಹೇಳಿದೆ. ಮೂರನೆಯ ಸಲ ನಗುತ್ತಾ ಹೇಳು ಎಂದರು. ನಗುತ್ತಾ ಹೇಳಿದೆ.

ಮನೆಗೆ ಬಂದಾಗ ನಾದಿನಿಗೆ ಜ್ವರ. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಕೀವು ಪಕ್ಕದ ಬೆರಳಿಗೂ ಹಬ್ಬಿತ್ತು. ಬಲಗೈಯ ಎರಡು ಬೆರಳು ತೆಗೆದರು.

ವಾರ್ಡಿನಲ್ಲಿ ಪಕ್ಕದ ಮಂಚದ ಹೆಂಗಸೊಬ್ಬಳು ನನ್ನ ಗುರುತು ಹಿಡಿದು, ನೀವು ವಿಡಿಯೋದಲ್ಲಿ ಬರುವವರಲ್ಲವೇ ಎಂದು ತನ್ನ ಫೋನು ತಂದು ತೋರಿಸಿದಳು. ನಾದಿನಿ ಮಲಗಿದಲ್ಲಿಂದಲೇ ಕೊನೆಯವರೆಗೂ ನೋಡಿದಳು. ನಾನು ನೆಲ ನೋಡುತ್ತಿದ್ದೆ. ಬೈಯಲಿ, ಉಗಿಯಲಿ ಎಂದು ಕಾದೆ.

"ಚೆನ್ನಾಗಿ ಮಾತಾಡಿದೀಯ ಅತ್ತಿಗೆ. ಒಂದ್ಸಲಾನೂ ತಡವರಿಸಿಲ್ಲ" ಎಂದಳು.

ಅಷ್ಟೇ. ಆಮೇಲೆ ಗೋಡೆಯ ಕಡೆ ಹೊರಳಿದಳು.

ಎರಡನೆಯ ಗ್ರಾಂಟು ಮೊದಲಿನದಕ್ಕಿಂತ ಬಹಳ ದೊಡ್ಡದು. ಇನ್ನೂ ಐದು ಗೋದಾಮುಗಳಿಗೆ ನಮ್ಮ ಹಾಗೇ ಮಾಡುವುದೆಂದು ಸಾರ್ ಅರ್ಜಿ ಹಾಕಿದ್ದರು. ಆದರೆ ಬೇರೆಲ್ಲೋ ಯಾರೋ ಸುಳ್ಳು ಮತ ಹಾಕಿಸಿದ ದೂರು ಎದ್ದು, ಹುಂಡಿಯವರು ನಿಯಮ ಬದಲಿಸಿದ್ದರು. ಯಾರ ಹೆಸರಿನಲ್ಲಿ ಕೇಳುತ್ತಾರೋ ಅವರೇ ಮೊದಲು ಒಪ್ಪಬೇಕು. ಕ್ಯಾಮೆರಾದ ಮುಂದೆ, ಮುಖ ತೋರಿಸಿ, ತಮ್ಮ ಕೈಯಿಂದಲೇ ಒತ್ತಬೇಕು. ಹನ್ನೆರಡು ಪದ ಸಾಲುತ್ತಿರಲಿಲ್ಲ, ಈ ಸಲ ನಾವೇ ಬೇಕಾಗಿದ್ದೆವು. ಒಪ್ಪಿಗೆಗೆ ಹಸಿರು ಗುಂಡಿ, ಬೇಡ ಎನ್ನಲು ಕೆಂಪು. ಎಲ್ಲರನ್ನೂ ಹಸಿರು ಗುಂಡಿ ಒತ್ತಲು ತಯಾರು ಮಾಡು ಎಂದು ಸಾರ್ ನನಗೆ ಹೇಳಿದರು.

ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ನಾನು ಹೆಂಗಸರ ನಡುವೆ ಹೋಗಿ ನಿಂತೆ. ಚೀಟಿ ಕೊಟ್ಟದ್ದು, ನಮ್ಮ ಮತ ಸಾರೇ ಹಾಕಿಕೊಂಡದ್ದು, ವಿಡಿಯೋದಲ್ಲಿ ನಾನು ಹೇಳಿದ್ದು, ಎಲ್ಲವನ್ನೂ ಹೇಳಿದೆ. ಹೇಳುವಾಗ ನಾದಿನಿಯ ಕಡೆ ನೋಡಲಾಗಲಿಲ್ಲ. ಅವಳು ಎಡಗೈಯಲ್ಲಿ ಉಣ್ಣುತ್ತಿದ್ದಳು, ಇನ್ನೂ ಅಭ್ಯಾಸವಾಗಿರಲಿಲ್ಲ.

ಸೂಜಿಯಜ್ಜಿ ತಟ್ಟೆ ಕೆಳಗಿಟ್ಟಳು. "ನಮ್ಮ ಹೆಸರು ಹೇಳಿ ತಿಂದನಾ ಆ ಸೂಳೆಮಗ. ಅವನ ಹೆಣ ಎತ್ತ. ನೀನು ಎಲೆ ಹಾಕಿ ಬಡಿಸಿದೆ, ನಿನ್ನ ಬಾಯಿಗೆ ಹುಳ ಬೀಳ."

ನಾನು ಹೌದು ಎಂದೆ.

ಕ್ಯಾಮೆರಾದ ಮುಂದೆಯೇ ನಿಜ ಹೇಳಿಬಿಡೋಣ ಎಂದಳೊಬ್ಬಳು. ನಾವು ಏನೇ ಹೇಳಿದರೂ ಅದನ್ನು ಇಂಗ್ಲಿಷಿಗೆ ತಿರುಗಿಸುವವರು ಸಾರೇ ಎಂದು ನೆನಪಿಸಿದೆ. ಹಾಗಾದರೆ ಏನು ಮಾಡುವುದು? ಇರುವ ತಗಡೂ ಹೋದೀತು, ಯಜಮಾನರು ಹೊರಗೆ ಹಾಕಿಯಾರು ಎಂದು ಕೆಲವರು ಹೆದರಿದರು. ಆಗ ನಾದಿನಿ ಬಾಯಿ ತೆರೆದಳು.

"ನಮ್ಮ ಮಾತು ಅವನ ಬಾಯಿಂದ ಹೋಗುತ್ತೆ. ಗುಂಡಿ ಒತ್ತೋದಕ್ಕೆ ಅವನ ಬಾಯಿ ಬೇಕಾ?"

ಬಾಡಿಗೆಗೆ ಹಿಡಿದ ಸಭಾಂಗಣದಲ್ಲಿ ಎಲ್ಲರನ್ನೂ ಕುರ್ಚಿಗಳಲ್ಲಿ ಕೂರಿಸಿದ್ದರು. ಕೈಗವಸುಗಳು ಮತ್ತೆ ಬಂದಿದ್ದವು, ಮುಂದಿನ ಸಾಲಿನವರಿಗೆ ಮಾತ್ರ. ಗೋಡೆಯ ದೊಡ್ಡ ಪರದೆಯ ಮೇಲೆ ಹುಂಡಿಯವರ ಕಡೆಯ ಬಿಳಿ ಕೂದಲಿನ ಹೆಂಗಸೊಬ್ಬಳು ಮುಗುಳ್ನಗುತ್ತಿದ್ದಳು. ಅವಳ ಹಿಂದೆ ಪುಸ್ತಕಗಳ ಕಪಾಟು. ಪಕ್ಕದಲ್ಲಿ ಎರಡು ಸೊನ್ನೆಗಳು, ಒಂದು ಹಸಿರು, ಒಂದು ಕೆಂಪು.

ನಾಯಕಿಯಾದ್ದರಿಂದ ಮೊದಲು ನನ್ನನ್ನು ಕರೆದರು. ಫೋನು ನನ್ನ ಮುಖ ನೋಡಿತು, ಒಪ್ಪಿತು. ಕೆಂಪು ಒತ್ತಿದೆ. ಖಚಿತವೇ ಎಂದು ಕೇಳಿತು. ಇನ್ನೊಮ್ಮೆ ಒತ್ತಿದೆ. ಕೆಂಪು ಸೊನ್ನೆ ಒಂದಾಯಿತು.

ಸಾರ್ ನಗುತ್ತಲೇ ಇದ್ದರು. ಕ್ಯಾಮೆರಾಗೆ ಹಲ್ಲು ತೋರಿಸಿಕೊಂಡೇ, ತುಟಿ ಅಲುಗದ ಹಾಗೆ, "ಏನು ಮಾಡಿದೆ ಮುಂಡೇದೇ? ತಿರುಗಿ ಒತ್ತು" ಎಂದರು.

"ಅಳಿಸೋಕೆ ಬರಲ್ವಂತಲ್ಲ ಸಾರ್" ಎಂದೆ.

ಅವರು ನನ್ನ ತೋಳು ಹಿಡಿದು ಪಕ್ಕಕ್ಕೆ ಸರಿಸಿದರು. ಜೋರಾಗಿ ಏನೂ ಹೇಳುವಂತಿರಲಿಲ್ಲ, ಹುಂಡಿಯವರು ನೋಡುತ್ತಿದ್ದರು. ಎರಡನೆಯವಳಾಗಿ ಬಂದದ್ದು ನಾದಿನಿ. ಬಲಗೈಯನ್ನೇ ಮುಂದೆ ಮಾಡಿ, ಉಳಿದ ಬೆರಳುಗಳಲ್ಲಿ ಕಿರುಬೆರಳಿನಿಂದ ಕೆಂಪು ಒತ್ತಿದಳು. ಅವಸರವೇನೂ ಇರಲಿಲ್ಲ ಅವಳಿಗೆ. ಆಮೇಲೆ ಸೂಜಿಯಜ್ಜಿ. ಹೀಗೆ ಒಬ್ಬೊಬ್ಬರೇ ಬಂದರು. ಹನ್ನೊಂದು ಜನ ಹಸಿರು ಒತ್ತಿದರು. ಅವರನ್ನು ನಾನು ದೂರುವುದಿಲ್ಲ, ದೂರುವ ಬಾಯಿ ನನಗಿಲ್ಲ. ಮೂವತ್ತೊಂದು ಕೆಂಪು.

ಬಿಳಿ ಕೂದಲಿನವಳು ಏನೋ ಕೇಳಿದಳು, ಯಾಕೆ ಎಂದಿರಬೇಕು. ನಾದಿನಿ ಕ್ಯಾಮೆರಾದ ಹತ್ತಿರ ಹೋಗಿ ಕೈ ಎತ್ತಿ ಹಿಡಿದಳು. ಸಾರ್ ಅವಳ ಮುಂದೆ ಬಂದು ನಿಂತು ಬಹಳ ಹೊತ್ತು ಇಂಗ್ಲಿಷಿನಲ್ಲಿ ಮಾತಾಡಿದರು. ಪರದೆಯಲ್ಲಿದ್ದವಳು ಕೇಳುತ್ತಾ ಕೇಳುತ್ತಾ ತಲೆದೂಗಿ, ಕಣ್ಣು ಒರೆಸಿಕೊಂಡಳು. ಪರದೆ ಕಪ್ಪಾಯಿತು. ಕುರ್ಚಿಗಳನ್ನು ನಮ್ಮ ಕೈಯಲ್ಲೇ ಎತ್ತಿಡಿಸಿದರು.

ಹತ್ತು ದಿನದ ಮೇಲೆ ಹುಂಡಿಯವರ ಪುಟವನ್ನು ಫೋನಿನಲ್ಲಿ ಕನ್ನಡಕ್ಕೆ ತಿರುಗಿಸಿ ಓದಿದೆ. ಕಸ ಆರಿಸುವ ಹೆಂಗಸರಿಗೆ ಶೌಚಾಲಯ ಬೇಡವಂತೆ, ಬಯಲಿಗೆ ಹೋಗುವ ತಮ್ಮ ರೂಢಿಯನ್ನು ಬಿಡಲು ಅವರು ಸಿದ್ಧರಿಲ್ಲವಂತೆ, ಸಮುದಾಯದ ತೀರ್ಮಾನವನ್ನು ಎಲ್ಲರೂ ಗೌರವಿಸೋಣ ಎಂದು ಬರೆದಿತ್ತು. ಕೆಳಗೆ ಆರುನೂರಕ್ಕೂ ಹೆಚ್ಚು ಜನ ಹೃದಯದ ಚಿತ್ರ ಒತ್ತಿದ್ದರು. ನಾನು ಅದನ್ನು ಹೆಂಗಸರಿಗೆ ಓದಿ ಹೇಳಿದೆ. ಮುಚ್ಚಿಡುವುದು ಇನ್ನು ಸಾಕಾಗಿತ್ತು. ಸೂಜಿಯಜ್ಜಿ ಕ್ಯಾಕರಿಸಿ ಉಗಿದಳು, ಯಾರ ಮೇಲೆಂದು ಗೊತ್ತಿಲ್ಲ.

ತಗಡುಗಳನ್ನು ಯಜಮಾನರು ಬಿಚ್ಚಿಸಿ ಗುಜರಿಗೆ ಸೇರಿಸಿದರು. ಕಾರ್ಡು ಕಿತ್ತುಕೊಂಡು ನನ್ನನ್ನು ರಾಶಿಗೆ ತಳ್ಳಿದರು. ಮೆತ್ತಗಾಗಿದ್ದ ಅಂಗೈ ಮೊದಲ ದಿನವೇ ಹರಿದು ರಕ್ತ ಬಂತು. ಅದು ಸರಿಯೇ ಅನಿಸಿತು. ತಾಳಲಾಗದ್ದು ಬೇರೆಯದು. ಆಫೀಸಿನ ಬೀಗದಕೈ ಈಗ ಇರಲಿಲ್ಲ, ಮೂಟೆಗಳ ಹಿಂದೆಯೇ ಹೋಗಬೇಕು, ಕಿಟಕಿಯಲ್ಲಿ ಗುಮಾಸ್ತ ಕೂತಿದ್ದ. ನನಗೆ ಮರೆಯಾಗಿ ನಿಲ್ಲಿ ಎಂದು ಯಾವ ಮುಖ ಇಟ್ಟುಕೊಂಡು ಕೇಳಲಿ? ಬೆಳಗಿನಿಂದ ಹೊಟ್ಟೆ ಬಿಗಿಹಿಡಿದು ಕೆಲಸ ಮಾಡಿದೆ. ಮಧ್ಯಾಹ್ನ ದಾಟಿದ ಮೇಲೆ ನಿಲ್ಲಲಾಗದೆ ಬಗ್ಗಿಬಿಟ್ಟೆ.

ನಾದಿನಿ ನೋಡಿದಳು. ಕೈಯಲ್ಲಿದ್ದದ್ದನ್ನು ರಾಶಿಗೆ ಎಸೆದು, "ನಡಿ" ಎಂದಳು. ಅತ್ತಿಗೆ ಎನ್ನಲಿಲ್ಲ. ಅವಳ ಹಿಂದೆ ಇನ್ನೂ ಏಳೆಂಟು ಜನ ಎದ್ದು ಬಂದರು. ಮೂಟೆಗಳ ಹಿಂದೆ ನನ್ನ ಸುತ್ತ ಒತ್ತೊತ್ತಾಗಿ ನಿಂತರು. ಗುಮಾಸ್ತ ಕಿಟಕಿಯಿಂದ, ಕೆಲಸ ಬಿಟ್ಟು ಅಲ್ಲೇನ್ರೇ ಜಾತ್ರೆ ಎಂದು ಕೂಗಿದ. ಒಬ್ಬಳೂ ಅಲುಗಲಿಲ್ಲ. ನಾನು ಕೂತಲ್ಲಿಂದ ನೋಡಿದೆ. ಎಲ್ಲರೂ ನನಗೆ ಬೆನ್ನು ತಿರುಗಿಸಿ ನಿಂತಿದ್ದರು. ಮರೆಯಾಗಿ ನಿಲ್ಲುವವರು ಹಾಗೆಯೇ ನಿಲ್ಲಬೇಕು, ಅದು ನನಗೂ ಗೊತ್ತು. ಆದರೆ ನಾದಿನಿಯ ಬೆನ್ನು ನನಗೆ ಮರೆಯಾಗಲು ತಿರುಗಿತ್ತೋ, ನನ್ನ ಮುಖ ನೋಡಲಾರದೆ ತಿರುಗಿತ್ತೋ, ಇವತ್ತಿಗೂ ನಾನು ಕೇಳಿಲ್ಲ.