ಮರೆಯಿಲ್ಲದ ಜಾಗ

ನಡೆದ ಅಪಘಾತವನ್ನು ಕಂಪ್ಯೂಟರಿನಲ್ಲಿ ಮತ್ತೆ ನಡೆಸಿ ತೋರಿಸುವುದು ಅವಳ ಕೆಲಸ. ರಸ್ತೆ, ಬಸ್ಸು, ಸತ್ತ ಹೆಂಗಸು, ಎಲ್ಲವನ್ನೂ ಪೊಲೀಸರ ಅಳತೆಗೆ ಚಾಚೂ ತಪ್ಪದಂತೆ ಕೂರಿಸುತ್ತಿದ್ದಳು. ಕ್ಯಾಮೆರಾ ಎಲ್ಲಿಡಬೇಕೆಂಬುದನ್ನು ಮಾತ್ರ ತಂತ್ರಾಂಶವೇ ನೋಡಿಕೊಳ್ಳುತ್ತಿತ್ತು. ಮುಖ್ಯವಾದವು ಯಾವುವೆಂದು ಗುರುತು ಹಾಕಿಕೊಟ್ಟರೆ ಸಾಕು, ಅವು ಅಡ್ಡಿಯಿಲ್ಲದೆ ಕಾಣುವ ಜಾಗವನ್ನು ತಾನೇ ಹುಡುಕಿ ಹೋಗಿ ಕೂರುತ್ತಿತ್ತು. ಎಂಥ ಹೇಳಿದ ಮಾತು ಕೇಳುವ ಆಳು! ಅದರ ತಲೆಗೆ ಎಲ್ಲ ಕಟ್ಟಿ ಇವಳು ನಿಶ್ಚಿಂತೆಯಿಂದ ಊಟಕ್ಕೆ ಹೋಗುತ್ತಿದ್ದಳು.

ಹಾಗೆ ಮಾಡಿಕೊಟ್ಟಿದ್ದ ಒಂದು ಅಪಘಾತದ ಬಸ್ ಚಾಲಕ ಅವಳ ಕಚೇರಿಗೆ ಬಂದದ್ದು ವಿಚಾರಣೆ ಮುಗಿದ ಮೂರು ತಿಂಗಳ ಮೇಲೆ. ಇವಳ ವಿಡಿಯೋ ನೋಡಿಯೇ, ‘ಎದುರಿಗೆ ಕಂಡರೂ ಬ್ರೇಕ್ ಹಾಕಲಿಲ್ಲ’ ಎಂದು ಬರೆದು ಅವನನ್ನು ಕೆಲಸದಿಂದ ತೆಗೆದಿದ್ದರು.

“ಅಲ್ಲೊಂದು ವ್ಯಾನ್ ನಿಂತಿತ್ತು ಅಂತ ಬಾಯಿ ಬಡ್ಕೊಂಡೆ, ಮೇಡಂ. ಇರ್ಲಿಲ್ಲ ಅಲ್ವಾ? ನಿಮ್ಮ ಬಾಯಿಂದ ಒಂದ್ಸಲ ಕೇಳ್ಬಿಟ್ರೆ ಹೋಗ್ತೀನಿ.”

ಇತ್ತು. ಅವಳೇ ಅಳತೆ ಹಿಡಿದು ನಿಲ್ಲಿಸಿದ್ದಳು. ಫೈಲ್ ತೆರೆದು ನೋಡಿದಳು. ಹೆಂಗಸಿಗೆ ವ್ಯಾನು ಅಡ್ಡ ಬರುತ್ತದೆಂದು ಕ್ಯಾಮೆರಾ ಅದನ್ನು ದಾಟಿ ಈಚೆಗೆ ಬಂದು ಕೂತಿತ್ತು. ವ್ಯಾನು ಚಿತ್ರದ ಆಚೆಗೇ ಉಳಿದುಹೋಗಿತ್ತು. ಚಾಲಕನ ಸೀಟಿನಿಂದ ಹೇಗೆ ಕಾಣುತ್ತದೆಂದು ಅವಳು ಒಮ್ಮೆಯೂ ನೋಡಿರಲಿಲ್ಲ. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಕ್ಯಾಮೆರಾವನ್ನು ಕೈಯಾರೆ ಎಳೆದು ಅವನ ಕಣ್ಣಿನ ಎತ್ತರಕ್ಕೆ ಇಟ್ಟಳು. ಬಸ್ಸು ಹೊರಟಿತು. ವ್ಯಾನಿನ ಬಿಳಿ ಬೆನ್ನು. ಇನ್ನೂ ವ್ಯಾನೇ. ಆಮೇಲೆ ಒಮ್ಮೆಗೇ ಹೆಂಗಸು, ಗಾಜಿನ ಹತ್ತಿರದಲ್ಲೇ.

“ನೋಡಿ ಅಣ್ಣ, ನಿಮಗೆ ಕಾಣೋಕೆ ಸಾಧ್ಯಾನೇ ಇರ್ಲಿಲ್ಲ. ತಪ್ಪು ನನ್ನದು ಅಂತ ನಾನೇ ಬರೆದುಕೊಡ್ತೀನಿ. ಮತ್ತೆ ವಿಚಾರಣೆ ಮಾಡಿಸೋಣ.”

ಅವನು ಪರದೆಯನ್ನು ಸರಿಯಾಗಿ ನೋಡಲೂ ಇಲ್ಲ. “ನಿಮ್ಮ ಮೊದಲ್ನೇ ವಿಡಿಯೋ ನನ್ನ ಫೋನಲ್ಲಿದೆ. ಮಗಳು ನೋಡಿ, ‘ಅಪ್ಪಾ, ಅಷ್ಟು ದೂರದಿಂದ ಆಕೆ ಕಾಣ್ತಿದ್ರಲ್ಲಾ’ ಅಂದ್ಲು. ಆಮೇಲೆ ನಾನೂ ನೋಡ್ದೆ, ನೂರು ಸಲ. ಈಗ ಚೆನ್ನಾಗಿ ನೆನಪಿದೆ ಮೇಡಂ. ಹಸಿರು ಕೋಟು. ರಸ್ತೆಗೆ ಇಳಿದ್ರು, ನಡ್ಕೊಂಡು ಬಂದ್ರು. ಕಂಡೂ ಕಂಡೂ ನಾನು ಬ್ರೇಕ್ ಮೇಲೆ ಕಾಲಿಡ್ಲಿಲ್ಲ.”

“ಅಯ್ಯೋ, ಆ ಹಸಿರು ನಾನು ಹಚ್ಚಿದ್ದು! ಎದ್ದು ಕಾಣ್ಲಿ ಅಂತ. ಆಕೆ ಹಾಕಿದ್ದು ಬೂದು ಕೋಟು!”

ಅವನು ಎದ್ದು ನಿಂತು ಕೈಮುಗಿದ. “ಒಳ್ಳೆ ಮನಸ್ಸು ನಿಮ್ದು. ನನ್ನ ಸಮಾಧಾನಕ್ಕೆ ಏನೇನೋ ಹೇಳ್ತೀರಿ.”

ಸದ್ದಾಗದಂತೆ ಬಾಗಿಲು ಎಳೆದುಕೊಂಡು ಹೋದ. ಅವನನ್ನು ನಂಬಿಸಲು ಅವಳ ಬಳಿ ಇದ್ದದ್ದು ಇನ್ನೊಂದು ವಿಡಿಯೋ ಮಾತ್ರ.