ಕೆಂಪು ಶಾಯಿಯ ನೋಟಬುಕ್ಕು

ನೌಬಾದಿನ ಆ ವಸತಿ ಕಾಲೇಜಿನಲ್ಲಿ ಓದುವುದೆಂದರೆ ಗಂಟಲು ಹರಿದುಕೊಳ್ಳುವುದು. ಬೆಳಿಗ್ಗೆ ಐದಕ್ಕೆ ಇನ್ನೂರು ಮಕ್ಕಳು ಸ್ಟಡಿ ಹಾಲಿನಲ್ಲಿ ಕುಳಿತು ಒಟ್ಟಿಗೆ ಒದರಬೇಕು. ಮೇಲ್ವಿಚಾರಕ ವೈಜಿನಾಥ ಬೆತ್ತ ಹಿಡಿದು ಸಾಲುಗಳ ನಡುವೆ ತಿರುಗುತ್ತಾನೆ. ಯಾರ ತುಟಿ ನಿಂತಿತೋ ಅವರು ಹಿಂದಿನ ಗೋಡೆಗೆ ಹೋಗಿ ನಿಲ್ಲಬೇಕು. ಮೆದುಳಿಗೂ ಅದರದೇ ರೀತಿನೀತಿ ಇದೆ ಎಂದು ಆ ಮಹಾಶಯನಿಗೆ ಯಾರೂ ಹೇಳಿರಲಿಲ್ಲ.

ಅಲ್ಲಿ ಓದುತ್ತಿದ್ದ ಆಮ್ರಪಾಲಿಗೆ ಹೇಳಿದ್ದರು. ಓದಿದ್ದನ್ನೇ ಹತ್ತು ಸಲ ಓದಿದರೆ ಮೆದುಳಿಗೆ ಎಲ್ಲ ಬಂದ ಭ್ರಮೆಯಾಗುತ್ತದೆ, ಪುಸ್ತಕ ಮುಚ್ಚಿ ತಿಣುಕಿ ನೆನಪಿಸಿಕೊಂಡರೇ ಅದು ಒಳಗೆ ಉಳಿಯುವುದು ಎಂದಿದ್ದರು ಔರಾದಿನ ಹೈಸ್ಕೂಲಿನ ಕೈಲಾಶ ಮಾಸ್ತರರು. ಅದರಂತೆ ಆಕೆ ಒಂದು ಪಾಠ ಓದುವಳು, ಪುಸ್ತಕ ಮುಚ್ಚುವಳು, ಕಣ್ಣೂ ಮುಚ್ಚುವಳು. ನೆನಪಾದದ್ದನ್ನು ನೀಲಿ ಶಾಯಿಯಲ್ಲಿ ಬರೆದು, ಮರೆತದ್ದನ್ನು ಪುಸ್ತಕ ನೋಡಿ ಕೆಂಪಿನಲ್ಲಿ ತುಂಬುವಳು. ಎರಡು ದಿನ ಬಿಟ್ಟು, ಮತ್ತೆ ವಾರ ಬಿಟ್ಟು ಅದೇ ಪಾಠ. ಕೆಂಪು ಕಡಿಮೆಯಾದಂತೆಲ್ಲ ಡಾಕ್ಟರಿ ಸೀಟು ಹತ್ತಿರ ಬಂತೆಂದು ಹಿಗ್ಗುತ್ತಿದ್ದಳು.

ವೈಜಿನಾಥನಿಗೆ ಕಂಡದ್ದು ಮುಚ್ಚಿದ ಕಣ್ಣು ಮಾತ್ರ. ಮೂರು ಸಲ ಗೋಡೆಗೆ ನಿಲ್ಲಿಸಿದ. ನಿದ್ದೆಯಲ್ಲ, ನೆನಪು ಮಾಡಿಕೊಳ್ಳುತ್ತಿದ್ದೆ ಎಂದು ಆಕೆ ವಿವರಿಸಹೋದದ್ದೇ ತಪ್ಪಾಯಿತು. ಎದುರುತ್ತರವೆಂದರೆ ಅವನಿಗೆ ಮೈಯೆಲ್ಲ ಉರಿ. ಭಾನುವಾರ ಪಾಲಕರು ಊರಿಂದ ಬುತ್ತಿ ಕಟ್ಟಿಕೊಂಡು ಮಕ್ಕಳನ್ನು ನೋಡಲು ಬಂದಾಗ, ಎಲ್ಲರೆದುರು ಆಕೆಯ ತಂದೆ ಮಾಣಿಕನನ್ನು ಕರೆದು ನೋಟಬುಕ್ಕಿನ ಮೊದಲ ಪುಟಗಳನ್ನೇ ಬಿಚ್ಚಿ ಹಿಡಿದ.

“ನೋಡ್ರಿ, ಪೂರಾ ಲಾಲ್ ಅದ. ಒಂದು ಲೈನರೆ ಸರಿ ಅದ ಏನ್ರಿ? ಕುಂತಲ್ಲೇ ನಿದ್ದಿ ಹೊಡಿತಾಳ್ರಿ ನಿಮ್ಮ ಮಗಳು.”

ಮಾಣಿಕ ಸರ್ಕಾರಿ ಕಚೇರಿಯೊಂದರ ಜವಾನ. ಕೆಂಪು ಶಾಯಿ ಎಂದರೆ ಸಾಹೇಬರು ತಪ್ಪು ಹಿಡಿದದ್ದು ಎಂಬುದನ್ನು ಇಪ್ಪತ್ತು ವರ್ಷ ಕಂಡವನು. ಮಗಳು ಬಾಯಿ ತೆರೆಯುವಷ್ಟರಲ್ಲಿ ಕಪಾಳಕ್ಕೆ ಬಾರಿಸಿದ. ಬುತ್ತಿ ಬಿಚ್ಚದೆಯೇ ಟ್ರಂಕು ಹೊರಿಸಿ ಔರಾದಿನ ಬಸ್ಸು ಹತ್ತಿಸಿದ. ಆಕೆಯ ಏಳು ನೋಟಬುಕ್ಕುಗಳನ್ನು ವೈಜಿನಾಥ ಸಾಕ್ಷಿಗಿರಲೆಂದು ಕಪಾಟಿನಲ್ಲಿಟ್ಟು ಬೀಗ ಹಾಕಿದ.

ಪರೀಕ್ಷೆಗೆ ಆರು ವಾರ ಉಳಿದಿತ್ತು. ಯಾವ ಪಾಠ ಗಟ್ಟಿ, ಯಾವುದು ಕಚ್ಚಾ ಎಂಬುದೆಲ್ಲ ಆ ಕೆಂಪಿನಲ್ಲೇ ಇತ್ತು, ಅದಿಲ್ಲದೆ ತಡಕಾಡಿದಳು. ಸೀಟು ನಾಲ್ಕು ಅಂಕದಲ್ಲಿ ತಪ್ಪಿತು. ಇನ್ನೊಂದು ವರ್ಷದ ಮಾತನ್ನೇ ಎತ್ತಗೊಡದೆ ಮಾಣಿಕ ಮಗಳನ್ನು ಬಸ್ ಸ್ಟ್ಯಾಂಡ್ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕೆ ಹಚ್ಚಿದ.

ಎರಡು ವರ್ಷದ ಮೇಲೆ ಹೊಸ ಮಕ್ಕಳನ್ನು ಸೇರಿಸಿಕೊಳ್ಳಲು ಔರಾದಿಗೆ ಬಂದ ವೈಜಿನಾಥ ಅದೇ ಅಂಗಡಿಯ ಮೆಟ್ಟಿಲು ಹತ್ತಿದ. ಪಾಲಕರ ಸಭೆಗೆ ಪ್ರತಿಗಳು ಬೇಕೆಂದು ಒಂದು ಕರಪತ್ರವನ್ನೂ ಒಂದು ನೋಟಬುಕ್ಕನ್ನೂ ಆಕೆಯ ಮುಂದಿಟ್ಟ. ಭಾಲ್ಕಿಯ ಕಾರ್ಯಾಗಾರದಲ್ಲಿ ಮೆದುಳು ತಜ್ಞರೇ ಮೆಚ್ಚಿದ, ಪುಸ್ತಕ ಮುಚ್ಚಿ ನೆನಪಿಸಿಕೊಳ್ಳುವ ನಮ್ಮ ವಿಧಾನ ಎಂದು ಕರಪತ್ರದಲ್ಲಿತ್ತು. ನೋಟಬುಕ್ಕಿನಲ್ಲಿ ಹೆಸರಿದ್ದ ಹಾಳೆ ಹರಿದಿತ್ತು. ಅಕ್ಷರ ಆಮ್ರಪಾಲಿಯದೇ.

ಆಕೆ ಹರಿದ ಅಂಚಿನ ಮೇಲೆ ಬೆರಳಿಟ್ಟಳು. ಬರೆದವಳ ಹೆಸರೇನೆಂದು ಕೇಳಿದಳು.

“ಯಾರೋ ಒಬ್ಬಾಕಿ ಇದ್ಲು. ನೆನಪಿಲ್ಲ.”

ಯಂತ್ರ ಕಪ್ಪು ಬಿಳುಪಿನದು. ಹೊರಬಂದ ಹಾಳೆಗಳಲ್ಲಿ ನೀಲಿ, ಕೆಂಪು ಎರಡೂ ಒಂದೇ ಕಪ್ಪಾಗಿದ್ದವು, ಒಂದೂ ತಪ್ಪಿಲ್ಲದ ಹಾಗೆ. ವೈಜಿನಾಥ ಒಂದನ್ನೆತ್ತಿ ನೋಡಿ ಖುಷಿಪಟ್ಟ. ಓದಿದರೆ ಹೀಗೆ ಓದಬೇಕು ಎಂದು ಆಕೆಗೂ ಎರಡು ಮಾತು ಬುದ್ಧಿ ಹೇಳಿದ. ನೀನೆಲ್ಲಿ ಓದಿದ್ದು ಎಂದು ವಿಚಾರಿಸಿದ.

“ನಿಮ್ಮ ಹಾಲಿನ್ಯಾಗೇ ರೀ ಸರ್. ಹಿಂದಿನ ಗ್ವಾಡಿಗಿ ನಿಂತಿರ್ತಿದ್ದೆ.”

ಅವನು ಆಕೆಯ ಮುಖವನ್ನು ಒಂದು ಗಳಿಗೆ ನೋಡಿದ. ಏನೂ ಹೊಳೆಯಲಿಲ್ಲ.

“ಹೌದಾ? ಹಂಗಾರ ನಮ್ಮಾಕಿನೇ ಆದಿ. ಲಗೂ ಲಗೂ ತೆಗದು ಕೊಡು, ಮೀಟಿಂಗಿಗಿ ಹೊತ್ತಾಗ್ಲತ್ತದ.”